ಪರದೇಶದಲ್ಲಿ ನಮ್ಮೂರ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಊರು ಬಿಟ್ಟು ಹೋದವರು ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಇಡ್ಲಿ ಹಿಟ್ಟು ಉಬ್ಬಲಿಲ್ಲ, ಬೇಳೆ ಬೇಯಲಿಲ್ಲ, ಮುದ್ದೆ ಗಂಟಾಯಿತು, ಸಾರಿಗೆ ಮನೆಯ ರುಚಿ ಬರಲಿಲ್ಲ. ಇದರಲ್ಲಿ ಕೈಗುಣದ ತಪ್ಪು ಬಹಳ ಕಡಿಮೆ. ಚಳಿ, ನೀರು, ಹಳೇ ಹಿಟ್ಟು, ಬೇರೆ ಜಾತಿಯ ಮೆಣಸಿನಕಾಯಿ ಇವೇ ಕಾರಣ. ಇನ್ನು ಸಿಗುವುದೇ ಇಲ್ಲ ಎಂದುಕೊಂಡ ಎಷ್ಟೋ ಪದಾರ್ಥ ಪಕ್ಕದ ಬೀದಿಯ ಚೀನೀಯರ, ಮೆಕ್ಸಿಕೋದವರ, ಗುಜರಾತಿಗಳ ಅಂಗಡಿಯಲ್ಲಿ ಬೇರೆ ಹೆಸರಿಟ್ಟುಕೊಂಡು ಕೂತಿರುತ್ತದೆ.

ಪ್ರಶ್ನೆ: ಇಡ್ಲಿ, ದೋಸೆ ಹಿಟ್ಟು ಚಳಿಯಲ್ಲಿ ಉಬ್ಬುತ್ತಲೇ ಇಲ್ಲ. ಏನು ಮಾಡಬೇಕು?

ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿಗಳು ಉದ್ದಿನಬೇಳೆಯ ಜೊತೆಗೇ ಬರುತ್ತವೆ. ಅವಕ್ಕೆ ಬೇಕಾಗಿರುವುದು 27ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖ. ಹೀಟರ್ ಹಾಕಿದ ಮನೆ 20 ಡಿಗ್ರಿ ಇದ್ದರೆ ನಮಗೆ ಬೆಚ್ಚಗಿರುತ್ತದೆ, ಹಿಟ್ಟಿಗೆ ಸಾಲದು. ಅದಕ್ಕೇ ರಾತ್ರಿ ಇಟ್ಟದ್ದು ಬೆಳಗ್ಗೆ ಹಾಗೇ ತಣ್ಣಗೆ ಕೂತಿರುತ್ತದೆ.

ಸುಲಭದ ದಾರಿ ಓವನ್. ಓವನ್ ಉರಿಸಬೇಡಿ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಒಳಗಿಟ್ಟು ಬಾಗಿಲು ಮುಚ್ಚಿ. ಹಳೇ ಮಾದರಿಯ ಬಲ್ಬಿದ್ದರೆ ಆ ಶಾಖವೇ ಸಾಕಾಗುತ್ತದೆ. ಎಲ್‌ಇಡಿ ದೀಪವಾದರೆ ಶಾಖ ಬರುವುದಿಲ್ಲ. ಆಗ ಓವನ್ ಒಂದೆರಡು ನಿಮಿಷ ಬಿಸಿ ಮಾಡಿ ಆರಿಸಿ, ಹಿಟ್ಟಿನ ಜೊತೆ ಒಂದು ಪಾತ್ರೆ ಬಿಸಿನೀರನ್ನೂ ಇಡಿ. ನೀರು ಆರಿದಾಗ ಬದಲಿಸಿ. ಓವನ್ನಿನ ಗುಂಡಿಯ ಮೇಲೆ ‘ಒಳಗೆ ಹಿಟ್ಟಿದೆ’ ಎಂದು ಚೀಟಿ ಅಂಟಿಸಲೇಬೇಕು. ಮನೆಯಲ್ಲಿ ಇನ್ನೊಬ್ಬರು ಗೊತ್ತಿಲ್ಲದೆ ಓವನ್ ಹಚ್ಚಿ ಹಿಟ್ಟು ಬೇಯಿಸಿಬಿಡುವುದು ಬಹಳ ಸಾಮಾನ್ಯ.

ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಮೊಸರಿಗೆಂದು ಇರುವ ಗುಂಡಿಯೂ ಒಳ್ಳೆಯದೇ. ಆದರೆ ಮೊಸರಿನ ಶಾಖ ಸುಮಾರು 40 ಡಿಗ್ರಿ, ಹಿಟ್ಟಿಗೆ ಅದು ಜಾಸ್ತಿ. ತೀರಾ ಹುಳಿಯಾಗಿ, ಉಬ್ಬು ಇಳಿದು, ಮೇಲೆ ನೀರು ಬಿಡುತ್ತದೆ. ಕಡಿಮೆ ಶಾಖದ ಆಯ್ಕೆ ಇದ್ದರೆ ಅದನ್ನೇ ಒತ್ತಿ, ಇಲ್ಲವಾದರೆ 7–8 ಗಂಟೆಗೇ ತೆಗೆದುಬಿಡಿ. ಸೀಲ್ ಆಗುವ ಮುಚ್ಚಳ ಹಾಕಬೇಡಿ, ಉಕ್ಕಿದ ಹಿಟ್ಟು ವಾಲ್ವಿಗೆ ಹೊಕ್ಕರೆ ತೊಳೆಯುವುದು ದೊಡ್ಡ ಕೆಲಸ. ಸಾಧಾರಣ ತಟ್ಟೆ ಮುಚ್ಚಿ. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಟ್ಟಿರಬಾರದು.

ಅಳತೆ: ಇಡ್ಲಿಗೆ ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ. ದೋಸೆಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಹಿಡಿ ಗಟ್ಟಿ ಅವಲಕ್ಕಿ, ಒಂದು ಟೀ ಚಮಚ ಮೆಂತ್ಯ. ಮೆಂತ್ಯವನ್ನು ಚಳಿದೇಶದಲ್ಲಿ ಬಿಡಬೇಡಿ. ಅದರ ಲೋಳೆ ಗಾಳಿಗುಳ್ಳೆಗಳನ್ನು ಹಿಡಿದಿಡುತ್ತದೆ. ಉಪ್ಪು ಹುದುಗನ್ನು ನಿಧಾನ ಮಾಡುತ್ತದೆ, ಹಾಗಾಗಿ ಚಳಿಗಾಲದಲ್ಲಿ ಉಬ್ಬಿದ ಮೇಲೆ ಹಾಕಿ, ಬೇಸಿಗೆಯಲ್ಲಿ ಮೊದಲೇ ಹಾಕಿ. ರುಬ್ಬಿದ ಮೇಲೆ ಕೈಯಲ್ಲೇ ಎರಡು ನಿಮಿಷ ಚೆನ್ನಾಗಿ ಕಲಸಿ.

ಬೇಳೆ ಹಳೆಯದಾಗಿದ್ದರೆ ಇಷ್ಟೆಲ್ಲ ಮಾಡಿದರೂ ಉಬ್ಬುವುದಿಲ್ಲ. ಒಂದು ತೊಟ್ಟು ಉದ್ದಿನ ಹಿಟ್ಟನ್ನು ನೀರಿಗೆ ಬಿಟ್ಟು ನೋಡಿ. ತೇಲಿದರೆ ರುಬ್ಬಿದ್ದು ಸರಿಯಾಗಿದೆ. ಎಷ್ಟು ರುಬ್ಬಿದರೂ ಮುಳುಗುತ್ತಿದ್ದರೆ ಬೇಳೆ ಬದಲಿಸಿ. ಚೆನ್ನಾಗಿ ಬಂದ ಹಿಟ್ಟಿನಲ್ಲಿ ಎರಡು ಚಮಚ ತೆಗೆದು ಫ್ರಿಜ್ಜಿನಲ್ಲಿಟ್ಟುಕೊಂಡು ಮುಂದಿನ ವಾರದ ಹಿಟ್ಟಿಗೆ ಕಲಸಿದರೆ ಎರಡು ಮೂರು ಗಂಟೆ ಉಳಿಯುತ್ತದೆ.

ಪ್ರಶ್ನೆ: ಊರಿನ ಮಿಕ್ಸಿ ತೆಗೆದುಕೊಂಡು ಹೋಗಬಹುದೇ?

ಬ್ರಿಟನ್, ಯುರೋಪ್, ಆಸ್ಟ್ರೇಲಿಯ, ಸಿಂಗಪುರ, ಕೊಲ್ಲಿ ದೇಶಗಳ ಬಹುಪಾಲು ಕಡೆ 220–240 ವೋಲ್ಟ್ ಇರುವುದರಿಂದ ಪ್ಲಗ್ ಬದಲಿಸುವ ಅಡಾಪ್ಟರ್ ಸಾಕು. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್. ಅಲ್ಲಿ ಅಡಾಪ್ಟರ್ ಮಾತ್ರ ಹಾಕಿದರೆ ಮಿಕ್ಸಿ ಬ್ಲೇಡು ತೂಕಡಿಸುತ್ತದೆ, ರುಬ್ಬುವುದಿಲ್ಲ. 750 ವಾಟಿನ ಮಿಕ್ಸಿಗೆ 1500 ವಾಟಿನ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು, ಅದೇ ಮಿಕ್ಸಿಗಿಂತ ಭಾರ. ಅಲ್ಲಿಯ ವೋಲ್ಟೇಜಿಗೇ ತಯಾರಾದ ಭಾರತೀಯ ಮಿಕ್ಸಿ, ವೆಟ್ ಗ್ರೈಂಡರ್ ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ, ಅದನ್ನೇ ಕೊಳ್ಳಿ. ಮಿಕ್ಸಿಯಲ್ಲಿ ಉದ್ದು ರುಬ್ಬುವಾಗ ಫ್ರಿಜ್ಜಿನ ತಣ್ಣೀರು ಹಾಕಬೇಕು. ಜಾರು ಬಿಸಿಯಾದರೆ ಹಿಟ್ಟಿನ ಹುದುಗೂ ಕೆಡುತ್ತದೆ.

ಪ್ರಶ್ನೆ: ರಾಗಿ ಮುದ್ದೆ ಗಂಟಾಗುತ್ತಿದೆ, ಅಥವಾ ಹಸಿ ವಾಸನೆ ಬರುತ್ತಿದೆ. ಎಲ್ಲಿ ತಪ್ಪುತ್ತಿದೆ?

ಬಹುಪಾಲು ತಪ್ಪು ಒಲೆಯಲ್ಲಿದೆ. ಗ್ಯಾಸಿನಲ್ಲಿ ಉರಿ ತಗ್ಗಿಸಿದ ತಕ್ಷಣ ತಗ್ಗುತ್ತದೆ. ಗಾಜಿನ ಮೇಲ್ಮೈಯ ಕರೆಂಟ್ ಒಲೆ ತಗ್ಗಿಸಿದ ಮೇಲೂ ನಾಲ್ಕೈದು ನಿಮಿಷ ಕುದಿಸುತ್ತಲೇ ಇರುತ್ತದೆ, ತಳ ಸೀಯುತ್ತದೆ, ಹೆದರಿ ಬೇಗ ಇಳಿಸಿದರೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಅಂಥ ಒಲೆಯಲ್ಲಿ ಒಂದು ಬರ್ನರನ್ನು ಜೋರಾಗಿಯೂ ಪಕ್ಕದ್ದನ್ನು ಸಣ್ಣಗೂ ಇಟ್ಟುಕೊಂಡು, ಹಿಟ್ಟು ಹಾಕಿದ ಮೇಲೆ ಪಾತ್ರೆಯನ್ನೇ ಸಣ್ಣ ಉರಿಯ ಕಡೆಗೆ ಸರಿಸಿ.

ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಒಂದು ದೊಡ್ಡ ಚಮಚ ಹಿಟ್ಟು ಕದಡಿ ಎಸರಿಗೆ ಬಿಡಿ, ಚಿಟಿಕೆ ಉಪ್ಪು ಹಾಕಿ. ಎಸರು ಅಂಬಲಿಯ ಹಾಗೆ ಮಂದವಾಗಿ ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ತಿರುವಬೇಡಿ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಅದರೊಳಗಿಂದ ಎಸರು ಗುಳುಗುಳು ಎಂದು ಮೇಲೆ ಬರುತ್ತಿರಬೇಕು. ಅರ್ಧ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ. ಹಿಟ್ಟಿನ ಅಂಚು ಕಪ್ಪುಗಟ್ಟಿ ಹೊಳೆಯತೊಡಗಿದರೆ ಬೆಂದಿದೆ ಎಂದು ಅರ್ಥ. ಈಗ ಇಳಿಸಿ, ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಬರೇ ಸುತ್ತ ಆಡಿಸಿದರೆ ಗಂಟು ಒಡೆಯುವುದಿಲ್ಲ. ಮತ್ತೆ ಮುಚ್ಚಿ ಎರಡು ನಿಮಿಷ ಹಬೆಗೆ ಬಿಟ್ಟು, ಒದ್ದೆ ಕೈಯಲ್ಲಿ ಕಟ್ಟಿ. ಇಷ್ಟಕ್ಕೆ ಎರಡು ದೊಡ್ಡ ಮುದ್ದೆ ಬರುತ್ತವೆ.

ಗಾಜಿನ ಒಲೆಯ ಮೇಲೆ ಒತ್ತಿ ತಿರುವಬೇಡಿ, ಗಾಜು ಬಿರುಕು ಬಿಡಬಹುದು. ನೆಲದ ಮೇಲೆ ಮರದ ಹಲಗೆ ಇಟ್ಟು ಅದರ ಮೇಲೆ ತಿರುವಿ. ನಾನ್‌ಸ್ಟಿಕ್ ಪಾತ್ರೆ ಇದಕ್ಕೆ ಬೇಡ. ಕೋಲಿಲ್ಲದವರಿಗೆ ಮರದ ಗಟ್ಟಿ ಸೌಟಿನ ಹಿಡಿಕೆಯ ತುದಿ ಸಾಕು.

ಮುದ್ದೆ ಕಹಿಯಾದರೆ ಹಿಟ್ಟು ಹಳೆಯದು. ಬೀಸಿದ ರಾಗಿಯ ಕೊಬ್ಬಿನಂಶ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದರೆ ಕೆಡುತ್ತದೆ. ಪೊಟ್ಟಣದ ತಾರೀಕು ನೋಡಿ ಕೊಂಡು, ತಂದ ದಿನವೇ ಫ್ರೀಜರಿನಲ್ಲಿಡಿ.

ಪ್ರಶ್ನೆ: ಜೋಳದ ರೊಟ್ಟಿ ತಟ್ಟಿದರೆ ಅಂಚೆಲ್ಲ ಸೀಳುತ್ತದೆ.

ಜೋಳದಲ್ಲಿ ಗೋಧಿಯ ಜಿಗುಟಿಲ್ಲ. ಅದಕ್ಕೆ ಕುದಿಯುವ ನೀರೇ ಬೇಕು, ಬಿಸಿನೀರು ಸಾಲದು. ಒಂದು ಲೋಟ ಹಿಟ್ಟಿಗೆ ಮುಕ್ಕಾಲು ಲೋಟದಷ್ಟು ಮರಳುವ ನೀರು ಸುರಿದು, ಚಮಚದಲ್ಲಿ ಕಲಸಿ, ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಅಂಗೈಯ ಬುಡದಿಂದ ಐದಾರು ನಿಮಿಷ ಚೆನ್ನಾಗಿ ನಾದಿ. ನಾದಿದ ಹಿಟ್ಟನ್ನು ಕೂಡಲೇ ತಟ್ಟಬೇಕು, ಇಟ್ಟರೆ ಒಣಗಿ ಸೀಳುತ್ತದೆ. ಹೆಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆ ಸವರಿ.

ಅಮೆರಿಕದ ಅಂಗಡಿಗಳಲ್ಲಿ ಗ್ಲುಟನ್ ಬೇಡದವರಿಗೆಂದು ಮಾರುವ ‘ಸೋರ್ಗಮ್’ ಹಿಟ್ಟು ಜೋಳದ ಹಿಟ್ಟೇ. ನಯವಾಗಿದ್ದರೆ ರೊಟ್ಟಿ ಬರುತ್ತದೆ, ತರಿಯಾಗಿದ್ದರೆ ಜರಡಿ ಹಿಡಿಯಿರಿ. ‘ಕಾರ್ನ್ ಫ್ಲೋರ್’ ಎಂದಿರುವುದು ಮೆಕ್ಕೆಜೋಳ, ಅದು ಬೇರೆ. ಊರಿಂದ ಬರುವವರಿದ್ದರೆ ಕಡಕ್ ರೊಟ್ಟಿಯನ್ನೇ ತರಿಸಿಕೊಳ್ಳಿ. ನೀರಿನ ಪಸೆ ಇಲ್ಲದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇದ್ದರೆ ಉತ್ತರ ಕರ್ನಾಟಕದ ಊಟ ಅರ್ಧ ಆದ ಹಾಗೆ.

ಪ್ರಶ್ನೆ: ತೊಗರಿಬೇಳೆ ಎಷ್ಟು ಕೂಗಿಸಿದರೂ ಬೇಯುವುದಿಲ್ಲ.

ಲಂಡನ್, ದಕ್ಷಿಣ ಜರ್ಮನಿಯಂಥ ಕಡೆ ನಲ್ಲಿ ನೀರು ಗಡಸು. ಅದರ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟಿನಂಶವನ್ನು ಗಟ್ಟಿ ಮಾಡುತ್ತದೆ. ಕೆಟಲಿನಲ್ಲಿ ಬಿಳಿ ಕಟ್ಟುತ್ತಿದ್ದರೆ ನಿಮ್ಮ ನೀರೂ ಅಂಥದ್ದೇ. ಫಿಲ್ಟರ್ ಜಗ್ಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ಬಗೆಯ ಹೊಸ ನೀರಿನಲ್ಲಿ ಬೇಯಿಸಿ. ಅದೂ ಆಗದಿದ್ದರೆ ಒಂದು ಲೋಟ ಬೇಳೆಗೆ ಕಾಳಿನಷ್ಟು ಅಡುಗೆ ಸೋಡಾ, ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ. ಉಪ್ಪು, ಹುಣಸೆ, ಟೊಮೆಟೊ ಎಲ್ಲ ಬೆಂದ ಮೇಲೆ.

ಪ್ರಶ್ನೆ: ಸಾರಿನ ಪುಡಿ ಮನೆಯಲ್ಲೇ ಮಾಡಿದರೂ ಊರಿನ ಬಣ್ಣ, ಘಮ ಬರುತ್ತಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಇಲ್ಲದ್ದರಿಂದ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸುಕ್ಕು ಸಿಪ್ಪೆ, ಕಡುಗೆಂಪು ಬಣ್ಣ, ಕಡಿಮೆ ಖಾರ. ಪರದೇಶದ ಅಂಗಡಿಯಲ್ಲಿ ‘ಒಣಮೆಣಸಿನಕಾಯಿ’ ಎಂದು ಸಿಗುವುದು ಬಹುಪಾಲು ಗುಂಟೂರು ಜಾತಿ. ಅದನ್ನು ನಮ್ಮ ಅಳತೆಗೆ ಹಾಕಿದರೆ ಬಾಯಿ ಉರಿಯುತ್ತದೆ, ಖಾರಕ್ಕೆ ಹೆದರಿ ಕಡಿಮೆ ಹಾಕಿದರೆ ಸಾರು ಪೇಲವ.

ಬದಲಿಗೆ ಮೊದಲ ಆಯ್ಕೆ ಕಾಶ್ಮೀರಿ ಮೆಣಸಿನಕಾಯಿ. ಅಮೆರಿಕದಲ್ಲಿ ಮೆಕ್ಸಿಕನ್ ಅಂಗಡಿಯ ‘ಗ್ವಾಹೀಯೊ’ ಕೂಡ ನಡೆಯುತ್ತದೆ: ಕೆಳಗಿನ ಅಳತೆಯ 75 ಗ್ರಾಂ ಬ್ಯಾಡಗಿಯ ಬದಲು ಬೀಜ ತೆಗೆದು 60 ಗ್ರಾಂ, ಜೊತೆಗೆ ಖಾರಕ್ಕೆ 10–15 ಗ್ರಾಂ ಗುಂಟೂರು. ಅದಕ್ಕೆ ತುಸು ಹಣ್ಣಿನ ಹುಳಿಯಿದೆ, ಹುಣಸೆ ಸ್ವಲ್ಪ ಕಡಿಮೆ ಮಾಡಿ.

ಒಂದು ಬಾಟಲಿಗೆ ಆಗುವಷ್ಟು: ಧನಿಯ 100 ಗ್ರಾಂ, ಬ್ಯಾಡಗಿ 75, ಜೀರಿಗೆ 25, ಕಾಳುಮೆಣಸು 15, ಮೆಂತ್ಯ 10, ಸಾಸಿವೆ 10, ಒಂದು ಹಿಡಿ ಕರಿಬೇವು, ಒಂದು ಟೀ ಚಮಚ ಇಂಗು. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಿರಿ, ಬೇಯುವ ಹೊತ್ತು ಒಂದೊಂದಕ್ಕೆ ಒಂದೊಂದು. ಮೆಂತ್ಯ ಕೆಂಪಾದರೆ ಘಮ, ಕಪ್ಪಾದರೆ ಇಡೀ ಪುಡಿ ಕಹಿ. ಮೆಣಸಿನಕಾಯಿಯ ಘಾಟಿಗೆ ಹೊಗೆ ಅಲಾರಂ ಕೂಗುತ್ತದೆ ಎಂದು ಅಲಾರಮ್ಮಿಗೆ ಪ್ಲಾಸ್ಟಿಕ್ ಕಟ್ಟುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮೆಣಸಿನಕಾಯಿಯನ್ನು ಟ್ರೇಯಲ್ಲಿ ಹರಡಿ 120 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಐದಾರು ನಿಮಿಷ ಇಟ್ಟರೆ ಗರಿಗರಿಯಾಗುತ್ತದೆ, ಘಾಟಿಲ್ಲ.

ಪ್ರಶ್ನೆ: ಅವರೆಕಾಳು ಸಿಗುತ್ತದೆಯೇ?

ಸಿಗುತ್ತದೆ, ಆದರೆ ಆ ಹೆಸರಲ್ಲಿ ಅಲ್ಲ. ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ‘ಸೂರ್ತಿ ಪಾಪ್ಡಿ ಲಿಲ್ವಾ’ ಎಂಬ ಪೊಟ್ಟಣ ಹುಡುಕಿ. ಗುಜರಾತಿಗಳು ಊಂಧಿಯೂಗೆ ಹಾಕುವ ಆ ಹಸಿರು ಕಾಳು ನಮ್ಮ ಅವರೆಯ ಕುಲದ್ದೇ. ಪಕ್ಕದಲ್ಲೇ ಇರುವ ‘ತುವರ್ ಲಿಲ್ವಾ’ ಹಸಿ ತೊಗರಿಕಾಳು. ಅದೂ ಉಪ್ಪಿಟ್ಟಿಗೆ, ಸಾರಿಗೆ ಚೆನ್ನ. ಎರಡನ್ನೂ ಅದಲು ಬದಲು ಮಾಡಿಕೊಳ್ಳುವವರು ಬಹಳ, ಚಿತ್ರ ನೋಡಿ ತೆಗೆದುಕೊಳ್ಳಿ: ತೊಗರಿ ಗುಂಡಗೆ, ಅವರೆ ಚಪ್ಪಟೆ, ಅದರ ಅಂಚಿಗೆ ಬಿಳಿ ಹುಬ್ಬಿನಂಥ ಗೆರೆ.

ಹಿದುಕಿದ ಬೇಳೆಗೆ ಇದು ಬಹಳ ಅನುಕೂಲ. ಫ್ರೀಜ್ ಮಾಡುವ ಮೊದಲೇ ಕಾಳನ್ನು ಬಿಸಿನೀರಿಗೆ ಹಾಕಿ ತೆಗೆದಿರುತ್ತಾರೆ, ಹಾಗಾಗಿ ರಾತ್ರಿಯೆಲ್ಲ ನೆನೆಸುವ ಕೆಲಸವಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಬೇಳೆ ಪುಳಕ್ಕನೆ ಜಾರಿ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಂದು ಪೊಟ್ಟಣ ಹಿದುಕಲು ಅರ್ಧ ಗಂಟೆ ಬೇಕು. ಬೇಳೆ ಆಗಲೇ ಮೆತ್ತಗಿರುವುದರಿಂದ ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಸಾಕು. ಹೆಚ್ಚು ಬೆಂದರೆ ಕರಗಿ ಹಿಟ್ಟಾಗುತ್ತದೆ.

ಸೊಗಡು ಮಾತ್ರ ಬರುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಕಾಯಿ ಬಿಡಿಸುವಾಗ ಕೈಗೆ ಅಂಟುವ ಆ ಎಣ್ಣೆ ಪಸೆ ಕಾಯಿಯ ಸಿಪ್ಪೆಯ ಮೇಲಿರುವಂಥದ್ದು, ಸಿಪ್ಪೆಯ ಜೊತೆಗೇ ಹೋಗುತ್ತದೆ. ಅದರ ಬದಲಿಗೆ ಯಾವ ಮಸಾಲೆಯನ್ನೂ ಹೆಚ್ಚು ಹಾಕಲು ಹೋಗಬೇಡಿ. ಸಬ್ಬಸಿಗೆ ಸೊಪ್ಪು ಸೇರಿಸಿ, ಅವರೆಗೆ ಅದು ಒಳ್ಳೆಯ ಜೊತೆ.

ಪ್ರಶ್ನೆ: ನಮ್ಮ ಸೊಪ್ಪು ತರಕಾರಿಗಳನ್ನು ಎಲ್ಲಿ, ಯಾವ ಹೆಸರಲ್ಲಿ ಹುಡುಕಬೇಕು?

ಭಾರತೀಯ ಅಂಗಡಿ ಬಿಟ್ಟು ಬೇರೆಯವರ ಅಂಗಡಿಗೆ ಹೋಗಿ. ತರಕಾರಿ ಅಲ್ಲಿ ಹೊಸದಾಗಿರುತ್ತದೆ, ಎಷ್ಟೋ ಸಲ ಅಗ್ಗವೂ.

ಸಬ್ಬಸಿಗೆ ಸೊಪ್ಪು ‘ಡಿಲ್’ ಎಂದು ಎಲ್ಲ ಸೂಪರ್ ಮಾರ್ಕೆಟ್ಟಿನಲ್ಲೂ ಇದೆ. ಸ್ವೀಡನ್, ಜರ್ಮನಿ, ಪೋಲೆಂಡಿನವರು ಆಲೂಗಡ್ಡೆಗೆ, ಮೀನಿಗೆ ಹಾಕುತ್ತಾರೆ. ಅಕ್ಕಿರೊಟ್ಟಿಗೂ ಮಸ್ಸೊಪ್ಪಿಗೂ ಅದೇ ಸಾಕು. ನವಿಲುಕೋಸು ಜರ್ಮನಿಯಲ್ಲಿ ಮೂಲೆ ಮೂಲೆಯಲ್ಲಿ ‘ಕೊಲ್ರಾಬಿ’ ಹೆಸರಲ್ಲಿ ಸಿಗುತ್ತದೆ, ಊರಿನದಕ್ಕಿಂತ ಎಳೆಯದು. ಎಲೆಯನ್ನು ಎಸೆಯದೆ ಹುಳಿಗೆ ಹಾಕಿ. ಸೀಮೆ ಬದನೆಕಾಯಿ ಮೆಕ್ಸಿಕೋದಿಂದಲೇ ಲೋಕಕ್ಕೆ ಹರಡಿದ ತರಕಾರಿ. ಅಲ್ಲಿಯವರ ಅಂಗಡಿಯಲ್ಲಿ ‘ಚಯೋಟೆ’ ಎನ್ನಿ. ಬಾಳೆಕಾಯಿ, ಬಾಳೆ ಎಲೆಯೂ ಅಲ್ಲೇ ಸಿಗುತ್ತವೆ. ಎಲೆ ಫ್ರೀಜರಿನಲ್ಲಿರುತ್ತದೆ, ಬಿಸಿ ಕಾವಲಿಗೆ ಒಂದು ಕ್ಷಣ ತೋರಿಸಿದರೆ ಮಡಚುವಾಗ ಸೀಳುವುದಿಲ್ಲ.

ದಂಟಿನ ಸೊಪ್ಪು ಚೀನೀಯರಲ್ಲಿ ‘ಯಿನ್ ಚೋಯ್’, ಜಮೈಕಾದವರಲ್ಲಿ ‘ಕಲಲು’. ಬಸಳೆಯನ್ನೂ ಚೀನೀಯರು, ವಿಯೆಟ್ನಾಮಿನವರು ಮಾರುತ್ತಾರೆ. ನುಗ್ಗೆ ಸೊಪ್ಪು ಫಿಲಿಪೀನ್ಸಿನವರಿಗೆ ‘ಮಲುಂಗೈ’. ಎಳೆ ಹಲಸಿನಕಾಯಿ ಥಾಯ್ ಅಂಗಡಿಯ ಡಬ್ಬದಲ್ಲಿರುತ್ತದೆ. ಉಪ್ಪುನೀರಿನದು ಕೊಳ್ಳಿ, ಸಕ್ಕರೆ ಪಾಕದ್ದು ಹಣ್ಣು. ಪತ್ರೊಡೆಯ ಕೆಸುವಿನ ಎಲೆ ನ್ಯೂಜಿಲೆಂಡ್, ಆಸ್ಟ್ರೇಲಿಯದಲ್ಲಿ ಸಮೋವಾ, ಟೊಂಗಾ ಜನರ ಅಂಗಡಿಗಳಲ್ಲಿ ಕಟ್ಟು ಕಟ್ಟಾಗಿ ಬರುತ್ತದೆ. ಗಂಟಲು ತುರಿಸದಂತೆ ಹುಣಸೆ ಧಾರಾಳವಾಗಿ ಹಾಕಿ, ಮುಕ್ಕಾಲು ಗಂಟೆಗೆ ಕಡಿಮೆ ಇಲ್ಲದಂತೆ ಹಬೆಯಲ್ಲಿ ಬೇಯಿಸಬೇಕು.

ಪ್ರಶ್ನೆ: ಅಂಗಡಿಯಲ್ಲಿ ದಿನಸಿಯ ಹೆಸರೆಲ್ಲ ಹಿಂದಿ, ಗುಜರಾತಿಯಲ್ಲಿದೆ. ತಪ್ಪು ಪೊಟ್ಟಣ ತರುವುದು ಎಲ್ಲಿ?

ಹೆಚ್ಚಾಗಿ ಹುರಿಗಡಲೆಯಲ್ಲಿ. ಅದರ ಪೊಟ್ಟಣದ ಮೇಲೆ ‘ದಾಲಿಯಾ’ ಎಂದಿರುತ್ತದೆ, ಗೋಧಿ ನುಚ್ಚಿಗೂ ‘ದಲಿಯಾ’ ಎಂದೇ ಬರೆಯುತ್ತಾರೆ. ಚಟ್ನಿಗೆ ಗೋಧಿ ನುಚ್ಚು ಬಿದ್ದ ಮೇಲೆ ಮಾಡುವಂಥದ್ದು ಏನೂ ಇಲ್ಲ. ಮಂಡಕ್ಕಿ ‘ಮಮ್ರಾ’, ಹುರುಳಿ ‘ಕುಲ್ಥಿ’, ಅಲಸಂದೆ ‘ಲೋಬಿಯಾ’. ಚಿರೋಟಿ ರವೆ ಜರ್ಮನಿಯಲ್ಲಿ ಬೇಕಾದರೆ ‘ವೈಖ್‌ವೈಟ್ಸನ್‌ಗ್ರೀಸ್’ ತನ್ನಿ, ಕೇಸರಿಬಾತ್ ಅದರಲ್ಲಿ ಹದವಾಗಿ ಬರುತ್ತದೆ. ‘ಹಾರ್ಟ್‌’ ಎಂದು ಶುರುವಾಗುವುದು ಪಾಸ್ತಾ ಮಾಡುವ ಗಟ್ಟಿ ಗೋಧಿಯ ಹಳದಿ ರವೆ.

ಪ್ರಶ್ನೆ: ಕರಿಬೇವು ಊರಿಂದ ತರಬಹುದೇ? ಗಿಡ ಬೆಳೆಸಬಹುದೇ?

ಅಮೆರಿಕ, ಆಸ್ಟ್ರೇಲಿಯಕ್ಕೆ ತರುವಂತಿಲ್ಲ. ಕರಿಬೇವು ನಿಂಬೆ ಕಿತ್ತಳೆಯ ಕುಟುಂಬದ್ದು. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹೊತ್ತ ಒಂದು ಸಣ್ಣ ಕೀಟ ಅದರ ಎಲೆಯ ಮೇಲೆ ಕೂತು ಬರುತ್ತದೆ. ನಾಲ್ಕು ಎಸಳಿನಿಂದ ಏನಾಗುತ್ತದೆ ಎನ್ನಬೇಡಿ, ರೈತರ ತೋಟದ ಮಾತದು.

ಅಲ್ಲಿಯ ಅಂಗಡಿಯಲ್ಲಿ ಕೊಂಡು, ಒರೆಸಿ ಒಣಗಿಸಿ, ಕಡ್ಡಿಯಿಂದ ಬಿಡಿಸದೆ ಗಾಳಿ ತೆಗೆದ ಚೀಲದಲ್ಲಿ ಫ್ರೀಜ್ ಮಾಡಿ. ಒಗ್ಗರಣೆಗೆ ನೇರ ಫ್ರೀಜರಿನಿಂದಲೇ ಹಾಕಬೇಕು, ಹೊರಗಿಟ್ಟರೆ ಕಪ್ಪಾಗುತ್ತದೆ. ಗಿಡವನ್ನು ಕುಂಡದಲ್ಲಿ ಬೆಳೆಸಿ, ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ಮೊದಲು ಒಳಗೆ ತನ್ನಿ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿದರೆ ಸತ್ತಿತೆಂದು ಎಸೆಯಬೇಡಿ, ಕಾಂಡವನ್ನು ಉಗುರಲ್ಲಿ ಗೀರಿದಾಗ ಹಸಿರಿದ್ದರೆ ಜೀವವಿದೆ. ಆ ಕಾಲದಲ್ಲಿ ನೀರು ಹೆಚ್ಚು ಹಾಕುವುದರಿಂದಲೇ ಗಿಡ ಸಾಯುವುದು. ಯುರೋಪಿನ ನರ್ಸರಿಗಳಲ್ಲಿ ‘ಕರಿ ಪ್ಲಾಂಟ್’ ಎಂದು ಮಾರುವ, ಬೂದಿ ಬಣ್ಣದ ಸೂಜಿ ಎಲೆಯ ಗಿಡ ಕರಿಬೇವಲ್ಲ.

ಪ್ರಶ್ನೆ: ಫ್ರೀಜರ್ ಕಾಯಿತುರಿಯ ಚಟ್ನಿ ಮೇಣದ ಹಾಗೆ ಬಾಯಿಗೆ ಅಂಟುತ್ತದೆ.

ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ತುರಿಯನ್ನು ಮೈಕ್ರೋವೇವಿನಲ್ಲಿ ಒಂದು ನಿಮಿಷ ಬಿಸಿ ಮಾಡಿ, ಬೆಚ್ಚಗಿನ ನೀರು ಹಾಕಿ ರುಬ್ಬಿ. ಅಷ್ಟೇ.

ಪ್ರಶ್ನೆ: ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟುತ್ತಿಲ್ಲ.

ಹಾಲಿನ ಪೊಟ್ಟಣ ನೋಡಿ. ತಿಂಗಳುಗಟ್ಟಲೆ ಹೊರಗಿಡುವ ಯುಎಚ್‌ಟಿ ಹಾಲಿನ ಮೊಸರು ತೆಳ್ಳಗೇ ಆಗುತ್ತದೆ. ಫ್ರಿಜ್ಜಿನಲ್ಲಿ ಮಾರುವ, ಕೆನೆ ತೆಗೆಯದ ಹಾಲು ಕೊಳ್ಳಿ. 85–90 ಡಿಗ್ರಿಗೆ, ಅಂದರೆ ಉಕ್ಕುವ ಮುಂಚಿನ ಹದಕ್ಕೆ ಕಾಯಿಸಿ, ಹತ್ತು ನಿಮಿಷ ಅದೇ ಬಿಸಿಯಲ್ಲಿಟ್ಟು, 43–45ಕ್ಕೆ ಆರಿಸಿ. ಕಿರುಬೆರಳು ಅದ್ದಿ ಹತ್ತು ಎಣಿಸುವಷ್ಟು ಹೊತ್ತು ತಾಳಿಕೊಳ್ಳಲಾಗುವ ಬಿಸಿ ಅದು. ಒಂದು ಲೀಟರಿಗೆ ಒಂದು ದೊಡ್ಡ ಚಮಚ ಹೆಪ್ಪು. ಪೊಟ್ಟಣದ ಮೇಲೆ ಜೀವಂತ ಕಲ್ಚರ್ ಎಂದಿರುವ ಯಾವ ಸಪ್ಪೆ ಮೊಸರಾದರೂ ಹೆಪ್ಪಿಗೆ ಆಗುತ್ತದೆ. ಟವೆಲ್ ಸುತ್ತಿ ದೀಪ ಹಾಕಿದ ಓವನ್ನಿನಲ್ಲಿ ಆರರಿಂದ ಎಂಟು ಗಂಟೆ.

ಪ್ರಶ್ನೆ: ಊರಿಂದ ಬರುವಾಗ ಏನು ತರಬಹುದು, ಏನು ತರಬಾರದು?

ಮೊದಲು ಗಸಗಸೆ. ಯುಎಇ, ಸೌದಿ ಅರೇಬಿಯ, ಸಿಂಗಪುರಗಳಲ್ಲಿ ಅದು ನಿಷಿದ್ಧ, ಮಾದಕವಸ್ತುವಿನ ಕಾನೂನಿನಡಿ ಬರುತ್ತದೆ. ನಮಗೆ ಅದು ಹಬ್ಬದ ಪಾಯಸ, ಅಲ್ಲಿ ಜೈಲಿನ ಮಾತು. ಬಿಸಿಬೇಳೆಬಾತ್ ಪುಡಿ, ಸಾಗು ಪುಡಿಗಳಲ್ಲೂ ಗಸಗಸೆ ಇರಬಹುದು, ಆದ್ದರಿಂದ ಅಮ್ಮ ಮಾಡಿ ಕೊಟ್ಟ ಪುಡಿಯಾದರೂ ಕೇಳಿ ತಿಳಿದುಕೊಂಡೇ ಚೀಲಕ್ಕೆ ಹಾಕಿ. ಅಲ್ಲಿದ್ದು ಪಾಯಸ ಮಾಡುವವರು ನೆನೆಸಿದ ಬಾದಾಮಿ, ಸ್ವಲ್ಪ ಅಕ್ಕಿ ರುಬ್ಬಿ ಹಾಕಿ.

ಕೊಬ್ಬರಿಯನ್ನು ಚೆಕ್-ಇನ್ ಲಗೇಜಿಗೆ ಹಾಕಬೇಡಿ. ಎಣ್ಣೆಯಂಶ ಹೆಚ್ಚಿರುವ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿದ್ದು, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಅಮೆರಿಕಕ್ಕೆ ಅಕ್ಕಿ, ಕಡಲೆಕಾಳು ಒಯ್ಯುವಂತಿಲ್ಲ, ಖಾಪ್ರಾ ಎಂಬ ಧಾನ್ಯದ ಹುಳುವಿನ ಭಯ. ಯುರೋಪಿಯನ್ ಒಕ್ಕೂಟ, ಬ್ರಿಟನ್‌ಗಳಿಗೆ ಭಾರತದಿಂದ ಹಾಲು, ಹಾಲಿನ ಪದಾರ್ಥ, ಮಾಂಸ ಯಾವುದೂ ಇಲ್ಲ. ಆಸ್ಟ್ರೇಲಿಯದಲ್ಲಿ ಹಾಲಿನ ಸಿಹಿ ಹಿಡಿಯುತ್ತಾರೆ, ಧಾರವಾಡ ಪೇಡ ಹೋಗುವುದು ಕಸದ ಡಬ್ಬಿಗೆ. ಯಾವ ದೇಶವಾದರೂ ತಿಂಡಿಯಿದೆ ಎಂದು ಅರ್ಜಿಯಲ್ಲಿ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಆ ಪದಾರ್ಥ ಹೋಗುತ್ತದೆ, ಬಚ್ಚಿಟ್ಟರೆ ದಂಡ. ನಿಯಮ ಬದಲಾಗುತ್ತಿರುತ್ತದೆ, ಪ್ರತಿ ಸಲ ಹೊರಡುವ ವಾರ ಆ ದೇಶದ ಕಸ್ಟಮ್ಸ್ ಜಾಲತಾಣ ನೋಡಿ.

ಚೀಲದಲ್ಲಿ ಜಾಗವಿರುವುದು ಇವಕ್ಕೆ: ಬ್ಯಾಡಗಿ, ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಹಪ್ಪಳ, ಕೋರಿ ರೊಟ್ಟಿ. ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿದು, ಎರಡು ಜಿಪ್ ಚೀಲದೊಳಗಿಟ್ಟು ಚೆಕ್-ಇನ್ ಲಗೇಜಿನ ನಡುಭಾಗದಲ್ಲಿಡಿ. ಅದು ಕೈಚೀಲದಲ್ಲಿದ್ದರೆ ದ್ರವದ ನಿಯಮಕ್ಕೆ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ಕೆಟಲ್ ಮಾತ್ರ ಇದೆ.

ಗೊಜ್ಜವಲಕ್ಕಿ ಇದ್ದರೆ ಸಾಕು. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿಯಾಗಿ ಒಡೆದು ಊರಿಂದಲೇ ತನ್ನಿ. ಎರಡು ಚಮಚ ಪುಳಿಯೋಗರೆ ಗೊಜ್ಜನ್ನು ಅರ್ಧ ಲೋಟ ಬೆಚ್ಚಗಿನ ನೀರಲ್ಲಿ ಕದಡಿ, ಒಂದು ಲೋಟ ತರಿಗೆ ಸುರಿದು ಹದಿನೈದು ನಿಮಿಷ ಮುಚ್ಚಿಡಿ. ಉಪ್ಪಿಟ್ಟಿಗೆ: ರವೆಯನ್ನು ಒಗ್ಗರಣೆ ಸಮೇತ ಘಮ್ಮೆನ್ನುವಂತೆ ಹುರಿದು, ಉಪ್ಪು ಬೆರೆಸಿ ಡಬ್ಬಿ ತುಂಬಿಕೊಳ್ಳಿ. ಒಂದು ಪಾಲಿಗೆ ಎರಡು ಪಾಲು ಕುದಿಯುವ ನೀರು ಹಾಕಿ ಎಂಟು ನಿಮಿಷ ಮುಚ್ಚಿ. ಒಗ್ಗರಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಬೇಡ. ನೀರಿನ ಪಸೆ ಉಳಿದರೆ ಬೂಸಲು ಬರುತ್ತದೆ. ಕರಿಬೇವು ಗರಿಗರಿಯಾಗುವ ತನಕ ಬಿಡಿ.

ಪ್ರಶ್ನೆ: ಹೋಳಿಗೆಯ ಕಣಕ ರಬ್ಬರಿನ ಹಾಗೆ ಹಿಂದಕ್ಕೆ ಸೆಳೆಯುತ್ತದೆ.

ಅಮೆರಿಕದ ಆಲ್-ಪರ್ಪಸ್ ಹಿಟ್ಟಿನಲ್ಲಿ ಗ್ಲುಟನ್ ನಮ್ಮ ಮೈದಾಕ್ಕಿಂತ ಜಾಸ್ತಿ ಇರುತ್ತದೆ. ಕಾಲು ಭಾಗ ಚಿರೋಟಿ ರವೆ ಬೆರೆಸಿ, ನೀರು ಧಾರಾಳವಾಗಿ ಹಾಕಿ ತೀರಾ ಮೆತ್ತಗೆ ಕಲಸಿ, ಮುಳುಗುವಷ್ಟು ಎಣ್ಣೆ ಬಿಟ್ಟು ಮೂರು ಗಂಟೆ ಮುಚ್ಚಿಡಿ. ಬ್ರಿಟನ್ನಿನಲ್ಲಿ ‘ಪ್ಲೇನ್’ ಹಿಟ್ಟು ತನ್ನಿ, ‘ಸ್ಟ್ರಾಂಗ್’ ಎಂದಿರುವುದು ಬ್ರೆಡ್ಡಿಗೆ. ಜರ್ಮನಿಯಲ್ಲಿ 405 ಸಂಖ್ಯೆಯದು. ಬೆಲ್ಲ ಸಿಗದಿದ್ದರೆ ಕೊಲಂಬಿಯಾದವರ ‘ಪನೇಲ’, ಮೆಕ್ಸಿಕೋದ ‘ಪಿಲೋನ್ಸಿಯೊ’ ಎರಡೂ ಕಬ್ಬಿನ ಬೆಲ್ಲವೇ.

ತುಪ್ಪವನ್ನಂತೂ ಕೊಳ್ಳಬೇಡಿ. ಉಪ್ಪಿಲ್ಲದ 500 ಗ್ರಾಂ ಬೆಣ್ಣೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಸುಮಾರು 400 ಗ್ರಾಂ ತುಪ್ಪ. ಚಟಪಟ ಸದ್ದು ನಿಂತು, ತಳದ ಗಸಿ ಹೊಂಬಣ್ಣಕ್ಕೆ ಬಂದಾಗ ಇಳಿಸಿ.

ಪ್ರಶ್ನೆ: ನಾಟಿ ಕೋಳಿ ಸಾರಿಗೆ ಅಲ್ಲಿಯ ಕೋಳಿ ಕರಗಿಹೋಗುತ್ತದೆ.

ಎಳೆ ಬ್ರಾಯ್ಲರ್ ಬಿಟ್ಟು ಮೊಟ್ಟೆ ಇಟ್ಟು ಮುಗಿಸಿದ ಕೋಳಿ ಕೇಳಿ. ಬ್ರಿಟನ್ನಿನ ಹಲಾಲ್ ಅಂಗಡಿಯಲ್ಲಿ ಅದು ‘ಹಾರ್ಡ್ ಚಿಕನ್’, ಜರ್ಮನಿಯಲ್ಲಿ ‘ಸೂಪನ್‌ಹೂನ್’. ಮಾಂಸ ಗಟ್ಟಿ, ರಸ ಗಾಢ. ಐದಾರು ಕೂಗು ಬೇಕು. ಮುದ್ದೆ ಅದ್ದಿ ತಿನ್ನುವ ಸಾರಿಗೆ ಬೇಕಾದ ಎಣ್ಣೆ ಪಸೆ ಇದರಲ್ಲಿ ಬರುತ್ತದೆ.

ಪ್ರಶ್ನೆ: ಫಿಲ್ಟರ್ ಕಾಫಿಯ ಡಿಕಾಕ್ಷನ್ ಇಳಿಯುವುದೇ ಇಲ್ಲ, ಇಲ್ಲವೇ ಸೋಸಿಹೋಗುತ್ತದೆ.

ಎಸ್ಪ್ರೆಸ್ಸೋಗೆಂದು ಬೀಸಿದ ಪುಡಿ ತೀರಾ ನುಣ್ಣಗಿದ್ದು ತೂತು ಮುಚ್ಚುತ್ತದೆ, ಡ್ರಿಪ್ ಯಂತ್ರದ ಪುಡಿ ದಪ್ಪ, ನೀರು ಓಡಿಹೋಗುತ್ತದೆ. ಎರಡರ ನಡುವಿನ ಹದ ಕೇಳಿ ಬೀಸಿಸಿ. ಚಿಕೋರಿ ಬೇರೆಯಾಗಿ ಸಿಗುತ್ತದೆ, ಫ್ರಾನ್ಸಿನ ಉತ್ತರದಲ್ಲಿ ಅದರದೇ ಬೇಸಾಯವಿದೆ, ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲೂ ಕಾಫಿಗೆ ಅದನ್ನು ಬೆರೆಸುವ ರೂಢಿ. 80 ಪಾಲು ಕಾಫಿಗೆ 20 ಪಾಲು ಬೆರೆಸಿ. 20 ಗ್ರಾಂ ಪುಡಿಯನ್ನು ಮೆಲ್ಲಗೆ ಒತ್ತಿ, ಎರಡು ಚಮಚ ಬಿಸಿನೀರು ಚಿಮುಕಿಸಿ ಅರ್ಧ ನಿಮಿಷ ಬಿಟ್ಟು, ಆಮೇಲೆ 100 ಎಂಎಲ್ ನೀರು ಸುರಿದು ಮುಚ್ಚಿ. ಹದಿನೈದು ಇಪ್ಪತ್ತು ನಿಮಿಷ ಬೇಕು. ಹತ್ತು ನಿಮಿಷವಾದರೂ ಕೆಳಗಿನ ಪಾತ್ರೆಗೆ ಹನಿ ಬಿದ್ದಿರದಿದ್ದರೆ ಮೇಲಿನ ಮುಚ್ಚಳ ತೆಗೆದು ಫಿಲ್ಟರಿನ ಪಕ್ಕಕ್ಕೆ ಚಮಚದಲ್ಲಿ ಎರಡು ಸಲ ತಟ್ಟಿ, ಒಳಗೆ ಸಿಕ್ಕಿಕೊಂಡ ಗಾಳಿ ಬಿಡುತ್ತದೆ.